ತೆಗೆದಿಟ್ಟ ಹನ್ನೊಂದು

ಶಾಂಭವಿಗೆ ಮಕ್ಕಳಿರಲಿಲ್ಲ. "ಮದಲ ಸ್ವಂತ ಮನಿ, ಆಮ್ಯಾಲ ಮಕ್ಕಳು" ಎಂದು ಗಂಡ ವರ್ಷಗಟ್ಟಲೆ ಮುಂದೂಡಿದ್ದ. ವಯಸ್ಸು ಕಾಯುವುದಿಲ್ಲವೆಂದು ಅವಳು ಮೂವತ್ತೆರಡಕ್ಕೇ ತನ್ನ ಹನ್ನೊಂದು ಅಂಡಾಣುಗಳನ್ನು ತೆಗೆಸಿ, ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿಸಿ ಇಡಿಸಿದ್ದಳು.

ಐದು ವರ್ಷದ ನಂತರ ನಾದಿನಿಯ ಸೀಮಂತ. ಉಡಿ ತುಂಬಲು ಎದ್ದ ಶಾಂಭವಿಯ ಕೈಯಿಂದ ಅತ್ತೆ ಅಕ್ಕಿಯ ತಟ್ಟೆ ಕಸಿದುಕೊಂಡಳು. "ಬಂಜಿ ಕೈ ತಾಗಬಾರದು. ಸರಿ ಆಕಡೆ."

ಈಗ ಅವಳಿಗೆ ನಲವತ್ತೆರಡು. ಒಡಲಲ್ಲಿ ಅಂಡಾಣು ಉಳಿದಿಲ್ಲವೆಂದು ಡಾಕ್ಟರ್ ಹೇಳಿದ ಸಂಜೆ ಅತ್ತೆ ತಾನೇ ಚಹಾ ಮಾಡಿ ತಂದಳು.

"ಚಿಂತಿ ಮಾಡಬ್ಯಾಡವ್ವಾ. ದವಾಖಾನ್ಯಾಗ ನೀ ಇಟ್ಟಂಥಾವು ಅದಾವಲ್ಲ. ನನಗ ಒಂದ ಮೊಮ್ಮಗ ಸಾಕು."

ಶಾಂಭವಿ ನಿಧಾನಕ್ಕೆ ಚಹಾ ಕುಡಿದು ಮುಗಿಸಿದಳು.

"ನೀವು ಅಕ್ಕಿ ತಟ್ಟಿ ಕಸಗೊಂಡ ಮರುದಿನಾನ ಅವನ್ನ ಚೆಲ್ಲಾಕ ಸಹಿ ಹಾಕಿಬಂದೆ, ಅತ್ಯಾರ."

"ಎಲ್ಲಾನೂ?"

"ಹನ್ನೊಂದೂ."