ಹನ್ನೆರಡನೆಯ ಬಾಟಲಿ

ಅಡುಗೆಮನೆಯ ಕಿಟಕಿಯಲ್ಲಿದ್ದ ಬಾಟಲಿಗಳ ನೀರು ಬದಲಿಸುತ್ತಿದ್ದ ನರ್ಸಮ್ಮನ ಕೈ ಹನ್ನೆರಡನೆಯದರ ಮೇಲೆ ನಿಂತುಹೋಯಿತು. ಅವಳು ಇಟ್ಟಿದ್ದು ಹನ್ನೊಂದೇ.

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವಳು ಅವಳು. ಗೀಳು ಎನ್ನಿ, ಋಣ ಎನ್ನಿ, ತಾನು ಆರೈಕೆ ಮಾಡಿದವರು ಕಣ್ಣು ಮುಚ್ಚಿದ ದಿನ ಆ ಮನೆಯ ಕುಂಡದಿಂದ ಒಂದು ಕುಡಿ ಕತ್ತರಿಸಿ ತಂದು ನೀರಿಗಿಡುತ್ತಿದ್ದಳು. ಬಾಟಲಿಗೆ ಬ್ಯಾಂಡೇಜಿನ ಪಟ್ಟಿ ಅಂಟಿಸಿ ಬರೆಯುತ್ತಿದ್ದಳು: ಟೀಚರಮ್ಮ, ರೇಡಿಯೋ ತಾತ, ಕೆಮ್ಮಿನ ಮಾವ. ಅವರೆಲ್ಲ ಏನಾದರೆಂದು ಮಗಳಿಗೆ ಹೇಳಿರಲಿಲ್ಲ. ಯಾರಮ್ಮ ಇವರೆಲ್ಲ ಎಂದು ಕೇಳಿದಾಗ, "ನಂಗೆ ಬೇಕಾದೋರು" ಎಂದು ಮಾತು ತೇಲಿಸಿದ್ದಳು.

ಹೊಸ ಬಾಟಲಿಯಲ್ಲಿದ್ದದ್ದು ತಮ್ಮದೇ ಬಾಗಿಲ ಬಳಿಯ ಬಳ್ಳಿಯ ಕುಡಿ. ಪಟ್ಟಿಯ ಮೇಲೆ ಮಗಳ ಸೊಟ್ಟ ಅಕ್ಷರ: ಅಮ್ಮ.

"ಇದನ್ಯಾಕೆ ಇಟ್ಟೆ?" ನರ್ಸಮ್ಮ ಬಾಟಲಿ ಎತ್ತಿಕೊಂಡು, ಅಲ್ಲೇ ಕೂತು ಬರೆಯುತ್ತಿದ್ದ ಮಗಳತ್ತ ತಿರುಗಿದಳು.

"ನಿಂಗೆ ಬೇಕಾದೋರದ್ದೆಲ್ಲ ಇದೆ. ನಂಗೆ ಬೇಕಾದೋಳು ನೀನೇ ಅಲ್ವಾ?" ಮಗಳು ಹೋಂವರ್ಕಿನಿಂದ ತಲೆ ಎತ್ತಲಿಲ್ಲ. "ಬಗ್ಗಿ ನೋಡಮ್ಮ. ಅವರದ್ದಕ್ಕೆಲ್ಲ ತಿಂಗಳು ಹಿಡೀತು. ನಿಂದು ಮೂರೇ ದಿನಕ್ಕೆ ಬೇರು ಬಿಟ್ಟಿದೆ."