ಎರಡು ಮಡಿಕೆಯ ಬಟ್ಟೆ

“ಈ ಬಟ್ಟೆಯ ಕಥೆ ಏನು? ಸ್ವಲ್ಪ ಬಿಡಿಸಿ ಹೇಳಿ,” ಎಂದರು ಮುಖ್ಯ ಪರೀಕ್ಷಕರು, ತ್ರಿಶಲಾಳ ನೋಟ್‌ಬುಕ್ಕು ತಿರುವುತ್ತಾ. ಬೆಳಗಿನಿಂದ ಎಂ.ಡಿ. ಸೀಟಿನ ಸಂದರ್ಶನ ಮಾಡಿ ಮಾಡಿ ಆಕಳಿಸುತ್ತಿದ್ದ ಮೂವರು ಪ್ರೊಫೆಸರರೂ ಮೊದಲ ಸಲ ನೆಟ್ಟಗೆ ಕೂತರು. ತ್ರಿಶಲಾಗೆ ಹೋದ ಜೀವ ಬಂದಂತಾಯಿತು. ಸೀಟು ಇದ್ದದ್ದು ಒಂದು, ಬೆಂಗಳೂರಿಗೆ ಬಂದಿದ್ದವರು ಹದಿನಾಲ್ಕು ಮಂದಿ. ಅವರಲ್ಲಿ ಯಾರ ಶಿಫಾರಸು ಪತ್ರವೂ ಇಲ್ಲದೆ ಬರೀ ಒಂದು ನೋಟ್‌ಬುಕ್ಕು ಹಿಡಿದು ಬಂದವಳು ಇವಳೊಬ್ಬಳೇ.

ಹೇಳಿದಳು. ಊರು ಹಳೇಬೀಡು. ಇವಳ ಬೀದಿಯ ಹನ್ನೊಂದು ಜೈನರ ಮನೆಗಳಲ್ಲಿ ಬಾವಿಯ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸದೆ ಯಾರೂ ಬಾಯಿಗೆ ಹಾಕುವುದಿಲ್ಲ. ನೀರಿನೊಳಗಿನ ಸಣ್ಣ ಜೀವ ಹೊಟ್ಟೆಗೆ ಹೋಗಿ ಸಾಯಬಾರದು ಎನ್ನುವುದು ಧರ್ಮ. ಅದೇ ಬಾವಿಯ ನೀರನ್ನು ಸೇದಿದ ಹಾಗೇ ಕುಡಿಯುವ ಮನೆಗಳು ಇಪ್ಪತ್ತಾರು. ಹೋದ ವರ್ಷ, ಎಪ್ಪತ್ತೇಳರಲ್ಲಿ, ವಾಂತಿಭೇದಿ ಹಬ್ಬಿದಾಗ ಇವಳು ಎರಡು ತಿಂಗಳು ದಿನಾ ಮನೆಮನೆ ತಿರುಗಿ ಬರೆದಿಟ್ಟಿದ್ದಳು. ಸೋಸುವ ಮನೆಗಳಲ್ಲಿ ಮಲಗಿದವರು ಇಬ್ಬರು. ಸೋಸದ ಮನೆಗಳಲ್ಲಿ ನಲವತ್ತೊಂದು ಮಂದಿ.

“ಈ ವ್ಯತ್ಯಾಸ ನಿಮಗೆ ಗೊತ್ತಾದದ್ದು ಯಾವಾಗ?”

“ಎರಡನೇ ವಾರದಲ್ಲೇ, ಸರ್.”

“ಆಮೇಲೂ ಆರು ವಾರ ಬರೆದಿದ್ದೀರಿ. ನಡುವೆ ಆ ಇಪ್ಪತ್ತಾರು ಮನೆಯವರಿಗೆ ನೀವೂ ಸೋಸಿ ಕುಡಿಯಿರಿ ಅಂತ ಹೇಳಲಿಲ್ಲವೇ?”

ತ್ರಿಶಲಾ ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನೇ ನೋಡಿದಳು. ಅವಳಿಗಲ್ಲದಿದ್ದರೂ ಅವಳ ತಾಯಿ ಧರ್ಮಾವತಿಗೆ ಆ ಬುದ್ಧಿ ಬಂದಿತ್ತು. ಹಳೆಯ ಸೀರೆಯೊಂದನ್ನು ಹರಿಯುತ್ತಾ, “ಕೊಟ್ಟಿಗೆ ಕೆಲಸದ ಮಾದಮ್ಮನಿಗೆ ಒಂದು ತುಂಡು ಕೊಡ್ತೀನಿ ಕಣೇ, ಪಾಪ, ಮನೇಲಿ ಮಗು ಇದೆ,” ಎಂದಿದ್ದರು. ಇವಳೇ ಅವರ ಕೈಯಿಂದ ಬಟ್ಟೆ ಕಿತ್ತುಕೊಂಡಿದ್ದಳು. “ಈಗ ಬೇಡಮ್ಮ, ನನ್ನ ಲೆಕ್ಕ ಕೆಡುತ್ತೆ. ಎರಡು ತಿಂಗಳು ತಡ್ಕೋ, ಆಮೇಲೆ ಊರಿಗೆಲ್ಲ ಹಂಚು.” ಮಗಳು ಡಾಕ್ಟರು, ತಾಯಿ ಏನು ಹೇಳಿಯಾರು? ಸೀರೆಯನ್ನು ಮಡಚಿ ಎತ್ತಿಟ್ಟರು. ಐದನೇ ವಾರ ಮಾದಮ್ಮನ ಮಗಳು ದ್ಯಾವಿಗೆ ಶುರುವಾಯಿತು. ನಾಲ್ಕು ವರ್ಷದ ಹುಡುಗಿ. ಹಾಸನದ ಆಸ್ಪತ್ರೆಗೆಂದು ಬಸ್ಸು ಹತ್ತಿಸಿದರು, ದಾರಿಯಲ್ಲಿ ಹಗರೆ ಊರು ಬರುವ ಮೊದಲೇ ಮುಗಿದುಹೋಗಿತ್ತು. ನೋಟ್‌ಬುಕ್ಕಿನಲ್ಲಿ ಅದು ಹತ್ತೊಂಬತ್ತನೇ ಮನೆ.

“ಹೇಳಲಿಲ್ಲ, ಸರ್,” ಎಂದು ತಲೆ ತಗ್ಗಿಸಿದಳು. ಈಗ ಬೈಯುತ್ತಾರೆ ಎಂದುಕೊಂಡಳು. ಬೈಯಲಿ ಎಂದೂ ಅನಿಸಿತು.

ಮುಖ್ಯ ಪರೀಕ್ಷಕರು ಮೇಜು ಕುಟ್ಟಿದರು. “ನೋಡಿದಿರಾ, ಇದಪ್ಪಾ ಶಿಸ್ತು! ಹೇಳಿಬಿಟ್ಟಿದ್ದರೆ ಹೋಲಿಸುವುದಕ್ಕೆ ಏನು ಉಳಿಯುತ್ತಿತ್ತು? ಒಳ್ಳೆ ಕೆಲಸ ಮಾಡಿದ್ದೀರಿ ಡಾಕ್ಟರ್!” ಉಳಿದಿಬ್ಬರೂ ಕೋಲೆ ಬಸವನಂತೆ ತಲೆ ಆಡಿಸಿದರು. ಸಂಜೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇವಳದೇ ಹೆಸರು. ಹದಿಮೂರು ಜನರ ಹೊಟ್ಟೆಕಿಚ್ಚನ್ನು ದಾಟಿ ಹೊರಗೆ ಬಂದವಳು ತೆಗೆದುಕೊಂಡ ಕಾಫಿಯನ್ನು ಹಾಗೇ ಬಿಟ್ಟು ರೈಲು ನಿಲ್ದಾಣಕ್ಕೆ ನಡೆದಳು.

ಮರುದಿನ ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹಿಡಿದು ಊರಿಗೆ ಬಂದಾಗ ಮಾದಮ್ಮ ಬಾವಿಕಟ್ಟೆಯ ಮೇಲಿದ್ದಳು. ಕೊಡದ ಬಾಯಿಗೆ ಎರಡು ಮಡಿಕೆಯ ಬಟ್ಟೆ. ತ್ರಿಶಲಾ ಗುರುತು ಹಿಡಿದಳು, ಅಮ್ಮನ ಅದೇ ಸೀರೆ.

“ಸೀಟು ಸಿಕ್ತಾ ತ್ರಿಶಲಕ್ಕಾ?”

“ಸಿಕ್ತು ಮಾದಮ್ಮ.”

“ಸಿಗ್ದೇ ಇರ್ತದಾ! ಈ ಬಟ್ಟೆ ಕಟ್ಟಿದ್ಮ್ಯಾಲೆ ನಮ್ಮನೇಲಿ ಒಬ್ರೂ ಕಾಯಿಲೆ ಬಿದ್ದಿಲ್ಲ ಕಣಕ್ಕಾ. ಎಲ್ಲಾ ನಿಮ್ ಪುಣ್ಯ.” ಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ನಮ್ ದ್ಯಾವಿ ಇಸ್ಯ ಹೇಳಿದ್ರಾ? ಅವತ್ತು ಬುಕ್ಕಲ್ಲಿ ಬರ್ಕೊಂಡ್ರಲ್ಲಾ.”

“ಹೇಳ್ದೆ, ಲೆಕ್ಕದಲ್ಲಿ ಅವಳೂ ಇದ್ಲು.”

“ಏನಂದ್ರು ದೊಡ್ಡ ಡಾಕ್ಟ್ರು?”

ತ್ರಿಶಲಾ ಬಾವಿಕಟ್ಟೆಗೆ ಒರಗಿದಳು. ಅವರು ಅಂದದ್ದು ಕಿವಿಯಲ್ಲಿ ಇನ್ನೂ ಇತ್ತು, ಅದನ್ನು ಈ ಬಾವಿಯ ಹತ್ತಿರ ಹೇಗೆ ಆಡುವುದು? ಅವಳ ಕಣ್ಣಲ್ಲಿ ನೀರು ಕಂಡು ಮಾದಮ್ಮನೇ ಸಮಾಧಾನ ಹೇಳಿದಳು. “ಹೋಗ್ಲಿ ಬುಡಕ್ಕಾ, ನೀವೇನ್ ಮಾಡೀರಿ, ಅದ್ರ ಆಯಸ್ಸು ಅಷ್ಟೇ ಇತ್ತು.”

ಆಮೇಲೆ ಬಟ್ಟೆ ಬಿಚ್ಚಿ, ಮಗುವಿನ ತಲೆಗೆ ನೀರು ಹಾಕುವಷ್ಟು ಮೆಲ್ಲಗೆ ಅದನ್ನು ಒಂದು ಚೆಂಬಿನಲ್ಲಿ ಜಾಲಿಸಿದಳು. ಚೆಂಬಿಗೆ ಹಗ್ಗ ಕಟ್ಟಿ, ಎಲ್ಲೂ ತುಳುಕದಂತೆ ಬಾವಿಗೆ ಇಳಿಬಿಟ್ಟಳು.

“ಇದ್ರಲ್ಲಿ ಇರೋವೂ ಸಾಯಬಾರ್ದಂತೆ, ನಿಮ್ಮಮ್ಮಾರು ಹೇಳ್ಕೊಟ್ರು,” ಎಂದಳು ಮಾದಮ್ಮ, ಹಗ್ಗದ ಮೇಲಿನ ಕಣ್ಣು ತೆಗೆಯದೆ. “ನಮ್ಗೆ ಕಾಣಾಕಿಲ್ಲ ಅಂತ ಸಾಯಾಕೆ ಬುಟ್ಬುಡಕ್ಕಾಯ್ತದಾ ಅಕ್ಕಾ?”