ಬಚ್ಚಲ ಮಣೆ

“ಏಳು ದುರಗವ್ವ. ಇವತ್ತ ನಾ ಎರೀತೀನಿ.”

ಹಂಡೆಯ ನೀರು ಕಾದು ಬಚ್ಚಲ ತುಂಬ ಹಬೆ ಆಡುತ್ತಿತ್ತು. ಸೀರೆಯನ್ನು ಮೊಳಕಾಲ ಮೇಲಕ್ಕೆ ಸರಿಸಿ, ಕಾಲು ಚಾಚಿ ಮಣೆಯ ಮೇಲೆ ಕೂತಿದ್ದ ದುರಗವ್ವ ಕತ್ತೆತ್ತಿ ನೋಡಿದಳು. ಬಾಗಿಲನ್ನೆಲ್ಲ ತುಂಬಿಕೊಂಡು ದ್ರಾಕ್ಷಾಯಿಣಿ ನಿಂತಿದ್ದಳು. ಅವಳ ಹಿಂದೆ ಎಲ್ಲೋ ಮಗಳು ಸುನಿತಾ, ಸುನಿತಾಳ ತೋಳಲ್ಲಿ ಮೈತುಂಬ ಎಣ್ಣೆ ಹಚ್ಚಿಸಿಕೊಂಡ ಕೂಸು. ಬ್ಯಾಡಗಿಯ ಆ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರೆರೆದವಳು ದುರಗವ್ವ. ಅವಳಿಗೆ ಮಣೆ ಬಿಟ್ಟು ಏಳು ಅಂದವರು ಈವರೆಗೆ ಯಾರೂ ಇರಲಿಲ್ಲ.

“ನೀವು ಕುರ್ಚಿ ಮ್ಯಾಲೆ ಕುಂದರ್ರಿ ಅಕ್ಕಾರ. ಅಲ್ಲಿಂದನೂ ಕೂಸು ಕಾಣತೈತಲ್ಲ,” ಅಂದಳು.

“ನಾಕ ತಿಂಗಳಿಂದ ಕುರ್ಚಿ ಮ್ಯಾಲೇ ಕುಂತೇನಿ. ನಾಳಿ ಕೂಸು ರಾಣೆಬೆನ್ನೂರಿಗೆ, ಅವರಪ್ಪನ ಮನಿಗೆ ಹೋಗತೈತಿ. ಮತ್ತ ನಾ ಯಾವಾಗ ಎರಿಯೂದು?”

ಮಗಳ ಮದುವೆಯ ಚಪ್ಪರ ಬಿಚ್ಚುವ ಮೊದಲೇ ದ್ರಾಕ್ಷಾಯಿಣಿ ಈ ಆಸೆ ಕಟ್ಟಿಕೊಂಡಿದ್ದಳು. ಮೊಮ್ಮಗು ಹುಟ್ಟಿದರೆ ತನ್ನ ಕಾಲ ಮೇಲೆ ಹಾಕಿಕೊಂಡು ತಾನೇ ಎರೆಯಬೇಕು. ಆದರೆ ಅಷ್ಟು ಭಾರದ ಮೈ ಹೊತ್ತು ನೆಲಕ್ಕೆ ಕೂರುವುದನ್ನು ಅವಳು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಕೂತರೆ ಏಳಲು ಬರುತ್ತಿರಲಿಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವ ಗಂಡ ಹೇಮಪ್ಪ ಒಮ್ಮೆ ಎಬ್ಬಿಸಲು ಹೋಗಿ ಸೊಂಟ ಹಿಡಿಸಿಕೊಂಡು, “ಚೀಲಾಗಿದ್ರ ಕೊಕ್ಕಿ ಹಾಕಿ ಎತ್ತತಿದ್ದೆ” ಎಂದು ವಾರವೆಲ್ಲ ನರಳಿದ್ದ. ಅದಕ್ಕೇ ಅವಳು ಶಾಲೆಯ ಮೈದಾನದಲ್ಲಿ ಭಾರೀ ಮೈಯ ಹೆಂಗಸರಿಗೆಂದೇ ನಡೆಯುತ್ತಿದ್ದ ಬೆಳಗಿನ ವ್ಯಾಯಾಮಕ್ಕೆ ಸೇರಿದಳು. ಹಾವೇರಿಯಿಂದ ಬಸ್ಸಿಗೆ ಬರುತ್ತಿದ್ದ ಟೀಚರ್ ಅಲ್ಮಾಸ ಕಡ್ಡಿಯಂಥ ಹುಡುಗಿ. ಮೊದಮೊದಲು ಅವಳ ಎರಡೂ ಕೈ ಹಿಡಿದು ಏಳಬೇಕಿತ್ತು. ಆಮೇಲೆ ಒಂದು ಕೈ ಸಾಕಾಯಿತು. ಆಮೇಲೆ ಒಂದು ಬೆರಳು, ಅದೂ ಬರೀ ಧೈರ್ಯಕ್ಕೆ. ಸುನಿತಾ ಬಸುರಿ ಎಂಬ ಸುದ್ದಿ ಬಂದ ಮೇಲೆ ಒಂದು ಬೆಳಿಗ್ಗೆ ಆ ಬೆರಳನ್ನೂ ಬಿಟ್ಟು ನೆಲದಿಂದ ಎದ್ದು ನಿಂತಾಗ ಮೈದಾನದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದ್ದರು. ಇನ್ನೇನು, ಕೂಸು ಬರುವುದೊಂದೇ ಬಾಕಿ.

ಮೊದಲು ಬಂದದ್ದು ಕೊರೊನಾ. ಮೈದಾನಕ್ಕೆ ಬೀಗ ಬಿತ್ತು. ಅಲ್ಮಾಸ ಫೋನಿಗೆ ವಿಡಿಯೊ ಕಳಿಸಿದಳು. ಹಿಡಿದುಕೊಳ್ಳಲು ಫೋನಿಗೆ ಬೆರಳೆಲ್ಲಿ? ಎರಡು ಕೋಣೆಯ ಮನೆಯಲ್ಲಿ ಮಂಚದಿಂದ ಒಲೆಗೆ, ಒಲೆಯಿಂದ ಮಂಚಕ್ಕೆ, ಅಷ್ಟೇ ಅವಳ ಓಡಾಟ. ಪೇಟೆ ಮುಚ್ಚಿ ಮನೆಯಲ್ಲಿ ಕೂತ ಹೇಮಪ್ಪನಿಗೆ ದಿನಾ ಸಂಜೆ ಮಿರ್ಚಿ ಬೇಕು. ಕರಿದವಳು ತಿನ್ನದೆ ಇರುತ್ತಾಳೆಯೇ! ಬೆವರು ಸುರಿಸಿ ಗಳಿಸಿದ ಆ ಏಳುವ ಶಕ್ತಿ ಯಾವತ್ತು ಕೈಬಿಟ್ಟಿತೆಂದು ಅವಳಿಗೇ ತಿಳಿಯಲಿಲ್ಲ. ಬೀಗ ತೆಗೆದ ಮೇಲೂ ಟೀಚರ್ ಬರಲಿಲ್ಲ. ಹಾವೇರಿಯಲ್ಲೇ ಬೇರೆ ಕೆಲಸ ಹಿಡಿದಿದ್ದಳು. ಬಾಣಂತಿ ಮಗಳು ಮನೆಗೆ ಬಂದ ದಿನ ದ್ರಾಕ್ಷಾಯಿಣಿ ದುರಗವ್ವನಿಗೆ ಹೇಳಿಕಳಿಸಿ, ತಾನು ಟವೆಲ್ ಹಿಡಿದು ಕುರ್ಚಿಯಲ್ಲಿ ಕೂತಳು. ಕೂಸು ಇನ್ನೊಬ್ಬಳ ಕಾಲ ಮೇಲೆ ಕೈಕಾಲು ಬಡಿಯುವುದನ್ನು ನೋಡುತ್ತ ದಿನವೂ ಒಳಗೊಳಗೇ ಹಂಬಲಿಸಿದಳು.

“ಅವ್ವಾ, ಬ್ಯಾಡ. ಕುಂತರ ಏಳಾಕ ಬರಂಗಿಲ್ಲ ನಿನಗ,” ಹಿಂದಿನಿಂದ ಸುನಿತಾ ಅಂದಳು.

“ಏಳೂದು ಆಮ್ಯಾಲಿನ ಮಾತು. ಕುಂದ್ರಾಕಂತೂ ಬರತೈತಿ.”

ದುರಗವ್ವ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಏನನ್ನಿಸಿತೋ, ಮಣೆ ಬಿಟ್ಟೆದ್ದಳು. ದ್ರಾಕ್ಷಾಯಿಣಿ ಒಂದು ಕೈಯನ್ನು ನೀರಿನ ತೊಟ್ಟಿಯ ಮೇಲೂ ಇನ್ನೊಂದನ್ನು ದುರಗವ್ವನ ಹೆಗಲ ಮೇಲೂ ಊರಿದಳು. ಅರ್ಧದವರೆಗೆ ಮೆಲ್ಲಗೆ ಇಳಿದಳು, ಉಳಿದರ್ಧ ಧೊಪ್ಪನೆ ಬಿದ್ದಳು. ಮಣೆ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಮೊಳಕಾಲ ನೋವಿಗೆ ಕಣ್ಣಲ್ಲಿ ನೀರು ಬಂದರೂ ಕಾಲು ಚಾಚಿ, “ಕೊಡು ಇಲ್ಲೆ” ಅಂದಳು.

ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎರೆದಳು, ಮಗುಚಿ ಎದೆಗೆ ಎರೆದಳು. ಕಣ್ಣಿಗೆ ನೀರು ಬೀಳದಂತೆ ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ಎರೆದಳು. ದುರಗವ್ವ ಹದ ನೋಡಿ ತಂಬಿಗೆ ತುಂಬಿಕೊಡುತ್ತಿದ್ದಳು.

“ನನ್ನ ಕಾಲ ಮ್ಯಾಲೆ ಓಣಿಗೆಲ್ಲ ಕೇಳೂವಂಗ ಅಳತಿತ್ತರಿ. ಇವತ್ತ ನೋಡ್ರಿ, ಗಪ್ಪಗೈತಿ,” ಅಂದಳು.

“ನಿನ್ನ ಕಾಲಾಗ ಬರೇ ಎಲುಬ ದುರಗವ್ವ. ಕೂಸರ ಏನ ಮಾಡೀತು!”

ಮೂವರೂ ನಕ್ಕರು. ತನ್ನ ಮೈಯ ಬಗ್ಗೆ ದ್ರಾಕ್ಷಾಯಿಣಿ ಹೀಗೆ ಜಂಬದಿಂದ ಮಾತಾಡಿ ಎಷ್ಟು ಕಾಲವಾಗಿತ್ತೋ.

ಎರೆದದ್ದು ಮುಗಿಯಿತು. ಸುನಿತಾ ಕೂಸನ್ನು ಟವೆಲಿನಲ್ಲಿ ಸುತ್ತಿ ಒಳಗೆ ಒಯ್ದು, ಲೋಬಾನದ ಹೊಗೆ ಹಾಕಿ ಮಲಗಿಸಿ ತಿರುಗಿ ಬಂದಳು. ಅವ್ವ ಮಣೆಯ ಮೇಲೆಯೇ ಇದ್ದಳು. ಸುನಿತಾ ಒಂದು ತೋಳಿಗೆ, ದುರಗವ್ವ ಇನ್ನೊಂದಕ್ಕೆ ಕೈ ಹಾಕಿದರು. ಬಾಗಿಲ ಹೊರಗೆ ಹೇಮಪ್ಪ ಸೊಂಟಕ್ಕೆ ವಸ್ತ್ರ ಬಿಗಿದುಕೊಂಡು ತಯಾರಾಗಿ ನಿಂತಿದ್ದ.

“ಏಳವಾ, ಹಸೀ ನೆಲದಾಗ ಥಂಡಿ ಹತ್ತತೈತಿ,” ಅಂದಳು ಸುನಿತಾ.

ದ್ರಾಕ್ಷಾಯಿಣಿ ತೋಳು ಬಿಡಿಸಿಕೊಂಡಳು. ಚಾಚಿದ ಕಾಲು ಮಡಿಸಲಿಲ್ಲ.

“ತಡೀರಿ ಸ್ವಲ್ಪ,” ಅಂದಳು. “ಕೂಸು ಮಲಗಿದ್ದ ಜಾಗಾ ಇನ್ನೂ ಬೆಚ್ಚಗೈತಿ.”